ಇಸುಬಿನ ಮಗುವಿನ 5 ಎಂಎಲ್ ರಕ್ತ: ಬಿಳಿ ಉಂಗುರ ಬೇರ್ಪಡಿಸುವುದು ಹೇಗೆ

ನಾನು ಪೆರ್ಲದ ಹತ್ತಿರದವಳು. ಹನ್ನೊಂದು ವರ್ಷದಿಂದ ಕಾಸರಗೋಡಿನ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತದ ಬಿಳಿ ಕಣಗಳ ಕೆಲಸ ಮಾಡುತ್ತಿದ್ದೇನೆ. ಪ್ರಾಜೆಕ್ಟಿಗೆಂದು ನಮ್ಮ ಕಡೆಯ ಎಂಎಸ್ಸಿ ಮಕ್ಕಳು ಬರುತ್ತಾರೆ. ಹೆಚ್ಚಿನವರು ಕನ್ನಡ ಮೀಡಿಯಂನಲ್ಲಿ ಓದಿದವರು. ಇಂಗ್ಲಿಷಿನ ಪ್ರೊಟೊಕಾಲ್ ಓದುತ್ತಾರೆ, ಅರ್ಥವೂ ಆಗುತ್ತದೆ. ಆದರೆ ಕೈಗೆ ಬರುವುದಿಲ್ಲ. ಅವರ ಪಕ್ಕ ನಿಂತು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಏನು ಹುಡುಕುತ್ತಿದ್ದೇವೆ ಅಂತ ತಿಳಿದಿರಲಿ. ಇಸುಬು ಇರುವವರಲ್ಲಿ ಟಿಎಚ್2 ಎಂಬ ಟಿ ಕಣಗಳ (ಬಿಳಿ ಕಣಗಳಲ್ಲೇ ಒಂದು ಬಗೆ) ಗುಂಪು ಜೋರಾಗಿರುತ್ತದೆ. ಅವು ಐಎಲ್-4, ಐಎಲ್-13 ಎಂಬ ಸಂದೇಶದ ಪ್ರೋಟೀನು ಬಿಡುತ್ತವೆ. ಚರ್ಮದ ತಡೆಗೋಡೆ ಇನ್ನಷ್ಟು ಸಡಿಲವಾಗುತ್ತದೆ. ಐಎಲ್-31 ಅಂತ ಇನ್ನೊಂದು ಉಂಟು, ಅದು ತುರಿಕೆಯ ನರವನ್ನೇ ಕೆರಳಿಸುತ್ತದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಡುಪಿಲುಮ್ಯಾಬ್ ಇಂಜೆಕ್ಷನ್ ಈ ಐಎಲ್-4 ಮತ್ತು 13ರ ದಾರಿಯನ್ನೇ ತಡೆಯುತ್ತದೆ. ಇಂಥ ಮದ್ದು ಬಂದದ್ದು ಲ್ಯಾಬಿನಲ್ಲಿ ಯಾರೋ ಈ ಕಣಗಳನ್ನು ಕೂತು ನೋಡಿದ್ದರಿಂದ.

ರಕ್ತ ತೆಗೆಯುವ ಮೊದಲು ಒಪ್ಪಿಗೆ ಪತ್ರ. ನೈತಿಕ ಸಮಿತಿಯ ಅನುಮತಿ ಇದ್ದರಷ್ಟೇ ಸಾಲದು. ನಾನು ಹಿಂದೆ ಇದ್ದ ಒಂದು ಕಡೆ ಪತ್ರ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇತ್ತು. ಮುಳ್ಳೇರಿಯ ಕಡೆಯ ಒಬ್ಬರು ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಓದದೆಯೇ ಸಹಿ ಹಾಕಿದರು. ಅದು ಒಪ್ಪಿಗೆ ಅಲ್ಲ. ಕನ್ನಡದ ಪ್ರತಿಗೂ ಸಮಿತಿಯ ಅನುಮತಿ ತಗೊಳ್ಳಿ, ನೀವೇ ಕೂತು ಓದಿ ಹೇಳಿ. "ಅಕ್ಕಾ, ಇಷ್ಟು ತೆಗೆದರೆ ಮಗು ಸೊರಗುವುದಿಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. 5 ಎಂಎಲ್ ಅಂದರೆ ಒಂದು ಟೀ ಚಮಚ. ಚಮಚವನ್ನೇ ತೋರಿಸಿ. ಇದರಿಂದ ಈಗ ಕೊಡುವ ಮದ್ದು ಬದಲಾಗುವುದಿಲ್ಲ ಅಂತಲೂ ಆಗಲೇ ಹೇಳಿಬಿಡಿ.

ಮದ್ದಿನ ಲೆಕ್ಕವನ್ನೂ ಅಲ್ಲೇ ಬರೆದುಕೊಳ್ಳಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ನುಂಗಿದ್ದರೆ ರಕ್ತದ ಲಿಂಫೊಸೈಟು (ಟಿ ಕಣಗಳೂ ಸೇರಿದ ಬಿಳಿ ಕಣಗಳ ಗುಂಪು) ಕಡಿಮೆಯಾಗಿರುತ್ತದೆ, ಇದ್ದವೂ ಮಂಕಾಗಿರುತ್ತವೆ. "ಸ್ಟೀರಾಯ್ಡ್ ತಗೊಂಡಿದ್ದೀರಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಅವರಿಗೆ ಅದು "ಅಲರ್ಜಿ ಗುಳಿಗೆ" ಅಷ್ಟೇ. ಗುಳಿಗೆಯ ಸ್ಟ್ರಿಪ್ಪನ್ನೇ ತರಲು ಹೇಳಿ. ನಾಟಿ ಮದ್ದನ್ನೂ ಕೇಳಿ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬು ಸಾಕು. ನೇರಳೆ ಮುಚ್ಚಳದ ಇಡಿಟಿಎ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಟಿ ಕಣ ಎಚ್ಚರಗೊಳ್ಳಲು ಕ್ಯಾಲ್ಸಿಯಂ ಬೇಕು. ಐಸ್ ಇಡಬೇಡಿ. ಹಾಗಂತ ಏಪ್ರಿಲಿನಲ್ಲಿ ಬದಿಯಡ್ಕದಿಂದ ಬರುವ ಕಾರಿನ ಡಿಕ್ಕಿಯಲ್ಲೂ ಇಡಬೇಡಿ. ಥರ್ಮೋಕೋಲ್ ಪೆಟ್ಟಿಗೆ, ತೊಡೆಯ ಮೇಲೆ. ರಕ್ತ ತೆಗೆದ ಮೇಲೆ ನಾವು ಆರು ಗಂಟೆ ಮೀರಿಸುವುದಿಲ್ಲ.

ಈಗ ಮುಖ್ಯ ಕೆಲಸ. 1968ರಲ್ಲಿ ನಾರ್ವೆಯ ಆರ್ನೆ ಬೋಯುಮ್ ಪ್ರಕಟಿಸಿದ ವಿಧಾನವನ್ನೇ ಸ್ವಲ್ಪ ಬದಲಿಸಿ ಇವತ್ತಿಗೂ ಮಾಡುತ್ತೇವೆ. ಫೈಕಾಲ್ ಎಂಬ, ಕಣಗಳನ್ನು ತೂಕದಂತೆ ಬೇರ್ಪಡಿಸುವ ದ್ರಾವಣದ ಸಾಂದ್ರತೆ ಎಂಎಲ್‌ಗೆ 1.077 ಗ್ರಾಂ. ಲಿಂಫೊಸೈಟ್, ಮೊನೊಸೈಟ್ ಎಂಬ ಬಿಳಿ ಕಣಗಳು ಅದಕ್ಕಿಂತ ಹಗುರ, ಬಿಳಿ ಉಂಗುರವಾಗಿ ಮೇಲೆಯೇ ನಿಲ್ಲುತ್ತವೆ. ಕೆಂಪು ಕಣ, ಮತ್ತೆ ನ್ಯೂಟ್ರೊಫಿಲ್, ಇಯೊಸಿನೊಫಿಲ್ ಎಂಬ ಬೇರೆ ಬಿಳಿ ಕಣಗಳು ಭಾರ, ಕೆಳಗಿಳಿಯುತ್ತವೆ. ನಿಮಗೆ ಇಯೊಸಿನೊಫಿಲ್ ಬೇಕಿದ್ದರೆ ಈ ಉಂಗುರದಲ್ಲಿ ಹುಡುಕಬೇಡಿ.

ಫೈಕಾಲ್ ಬಾಟ್ಲಿಯನ್ನು ಫ್ರಿಜ್ಜಿನಿಂದ ಮೊದಲೇ ಹೊರಗಿಡಿ, 18ರಿಂದ 20 ಡಿಗ್ರಿಗೆ ಬರಲಿ. 15 ಎಂಎಲ್ ಟ್ಯೂಬಿಗೆ 4 ಎಂಎಲ್ ಹಾಕಿ. ರಕ್ತಕ್ಕೆ ಸಮಪಾಲು ಪಿಬಿಎಸ್ (ಲ್ಯಾಬಿನ ಉಪ್ಪುನೀರಿನ ದ್ರಾವಣ) ಬೆರೆಸಿ. ಟ್ಯೂಬನ್ನು ಚೂರು ವಾಲಿಸಿ ಹಿಡಿಯಿರಿ, ಪಿಪೆಟ್ಟಿನ ತುದಿಯನ್ನು ಗೋಡೆಗೆ ತಾಗಿಸಿ, ಹನಿ ಹನಿಯಾಗಿ ಬಿಡಿ. ರಕ್ತ ಗೋಡೆಯ ಮೇಲೆ ಜಾರಿ ಬಂದು ಫೈಕಾಲಿನ ಮೇಲೆ ಹಾಸಿಕೊಳ್ಳಬೇಕು, ಒಳಗೆ ಮುಳುಗಬಾರದು. ನಡುವಿನ ಗೆರೆ ಕತ್ತರಿಸಿದ ಹಾಗೆ ಕಂಡರೆ ಸರಿಯಾಯಿತು. ಹೊಸಬರ ಕೈ ಇಲ್ಲೇ ನಡುಗುವುದು. ಮೊಣಕೈ ಮೇಜಿಗೆ ಊರಿ, ಉಸಿರು ಬಿಡುತ್ತಾ ಮಾಡಿ.

ಟ್ಯೂಬನ್ನು ಗರಗರ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ 400 ಜಿ (ಭೂಮಿಯ ಸೆಳೆತದ 400 ಪಟ್ಟು), 30 ನಿಮಿಷ, ಬ್ರೇಕ್ ಆಫ್. ಬ್ರೇಕ್ ಆಫ್! ನನ್ನ ಎರಡನೇ ವರ್ಷ, ಒಂಬತ್ತು ವರ್ಷದ ಹುಡುಗಿಯ ರಕ್ತ. ಹಿಂದಿನವರು ಬ್ರೇಕ್ ಹಾಕಿಟ್ಟಿದ್ದರು, ನಾನು ನೋಡದೆ ಒತ್ತಿದೆ. ಸೆಂಟ್ರಿಫ್ಯೂಜ್ ಗಕ್ಕನೆ ನಿಂತಾಗ ಪದರಗಳೆಲ್ಲ ಕಲಸಿ ಹೋಗಿದ್ದವು. ಮೊಣಕೈ ಮಡಿಕೆಯಿಡೀ ತುರಿಸಿ ಗಾಯವಾಗಿದ್ದ ಮಗು ಅದು. ಸೂಜಿ ಚುಚ್ಚಲು ಒಳ್ಳೆಯ ಜಾಗ ಹುಡುಕಿಯೇ ರಕ್ತ ತೆಗೆದಿದ್ದರು. ಅವತ್ತಿನಿಂದ ಬ್ರೇಕಿನ ಅಂಕಿಯನ್ನು ಜೋರಾಗಿ ಓದಿಯೇ ಬಟನ್ ಒತ್ತುತ್ತೇನೆ. ನೀವೂ ಓದಿ.

ಟ್ಯೂಬನ್ನು ಬೆಳಕಿಗೆ ಹಿಡಿಯಿರಿ. ಮೇಲೆ ಹಳದಿ ಪ್ಲಾಸ್ಮಾ, ಅದರಡಿ ತೆಳು ಬಿಳಿ ಉಂಗುರ, ಆರಿದ ಗಂಜಿ ತೆಳಿಯ ಮೇಲೆ ಕಟ್ಟುವ ಪೊರೆಯ ಹಾಗೆ. ಪಿಪೆಟ್ಟನ್ನು ಉಂಗುರದ ಅಂಚಿನಲ್ಲೇ ಸುತ್ತಿಸಿ ಎಳೆಯಿರಿ. ಕೆಳಗಿನ ಫೈಕಾಲ್ ಜಾಸ್ತಿ ಬಂದರೆ ತೊಳೆಯುವಾಗ ಕಣ ಕೆಳಗೆ ಕೂರುವುದಿಲ್ಲ. ಪಿಬಿಎಸ್ ತುಂಬಿಸಿ 300 ಜಿ, 10 ನಿಮಿಷ, ಎರಡು ಸಲ.

ಎಣಿಕೆಗೆ ಟ್ರಿಪಾನ್ ಬ್ಲೂ ಎಂಬ ಬಣ್ಣ ಸಮಪಾಲು. ಸತ್ತ ಕಣ ನೀಲಿ, ಬದುಕಿದ್ದು ಹೊಳೆಯುತ್ತದೆ. ಕಣ ಎಣಿಸುವ ಗಾಜಿನ (ಹೀಮೊಸೈಟೊಮೀಟರ್) ನಾಲ್ಕು ಮೂಲೆಗಳ ಚೌಕಗಳಲ್ಲಿ ಸರಾಸರಿ 30 ಕಂಡರೆ, 30 ಗುಣಿಸು 2 ಗುಣಿಸು 10,000, ಅಂದರೆ ಎಂಎಲ್‌ಗೆ 6 ಲಕ್ಷ. ಕಣ ಬೆರೆತ ದ್ರಾವಣ 10 ಎಂಎಲ್ ಇದ್ದರೆ 60 ಲಕ್ಷ. 5 ಎಂಎಲ್ ರಕ್ತಕ್ಕೆ ಅದು ಒಳ್ಳೆಯ ಇಳುವರಿ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀಲಿ ಇದ್ದರೆ ನಾನು ಮುಂದಿನ ಪರೀಕ್ಷೆ ಮಾಡುವುದಿಲ್ಲ.

ಮುಂದಿನದ್ದು ಕಣವನ್ನು ಎಬ್ಬಿಸುವುದು. ಪ್ಲೇಟಿನ ಒಂದೊಂದು ಗುಳಿಯೊಳಗೆ (ವೆಲ್) 2 ಲಕ್ಷ ಕಣ ಹಾಕಿ, ಟಿ ಕಣಗಳನ್ನು ಎಬ್ಬಿಸುವ ಆಂಟಿ-ಸಿಡಿ3 ಮತ್ತು ಆಂಟಿ-ಸಿಡಿ28 ಎಂಬ ಆ್ಯಂಟಿಬಾಡಿ ಕೊಟ್ಟು ಮೂರು ದಿನ 37 ಡಿಗ್ರಿಯಲ್ಲಿಟ್ಟು, ಮೇಲಿನ ನೀರಿನಲ್ಲಿ ಐಎಲ್-13 ಎಷ್ಟು ಅಂತ ಎಲೈಸಾದಲ್ಲಿ (ಪ್ರೋಟೀನು ಅಳೆಯುವ ಪರೀಕ್ಷೆ) ನೋಡಿ. ಅದೇ ಮಗುವಿನ, ಏನೂ ಕೊಡದ ಗುಳಿಯೂ ಇರಲೇಬೇಕು. ಅದಿಲ್ಲದೆ ಬಂದ ಅಂಕಿಯನ್ನು ನಾನು ನಂಬುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಹಾಸಿಗೆಯಲ್ಲಿ ಧೂಳುನುಸಿ ಜಾಸ್ತಿ ಅಲ್ವಾ, ಹಾಗಾಗಿ ಅದರ ಸಾರ ಕೊಟ್ಟು ನೋಡುವ ಆಸೆ ಎಲ್ಲರಿಗೂ. ನೋಡಿ, ಆದರೆ ಆ ಸಾರದಲ್ಲಿ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ ಬೆರೆತಿದ್ದರೆ, ಆ ವಿಷವೇ ಕಣಗಳನ್ನು ಕೆರಳಿಸುತ್ತದೆ. ನೀವು ಅಲರ್ಜಿ ಅಂದುಕೊಳ್ಳುತ್ತೀರಿ. ಮೊದಲು ಎಂಡೊಟಾಕ್ಸಿನ್ ಅಳೆದುಕೊಳ್ಳಿ.

ಇನ್ನೊಂದು ಮಾತು. ಇದು ರಕ್ತ, ಚರ್ಮ ಅಲ್ಲ. ಚರ್ಮಕ್ಕೆ ಹೋಗುವ ಟಿ ಕಣಗಳ ಮೈಮೇಲೆ ಸಿಎಲ್ಎ ಎಂಬ ಗುರುತು ಇರುತ್ತದೆ. ಕಣಗಳ ಗುರುತನ್ನು ಒಂದೊಂದಾಗಿ ಓದುವ ಫ್ಲೋ ಸೈಟೊಮೀಟರ್ ಯಂತ್ರ ಸಿಕ್ಕಿದರೆ ಅದನ್ನೂ ಸೇರಿಸಿ, ಉತ್ತರ ತುಂಬಾ ಸ್ಪಷ್ಟವಾಗುತ್ತದೆ.

ಉಳಿದ ಕಣಗಳನ್ನು ನೂರಕ್ಕೆ ಹತ್ತು ಡಿಎಂಎಸ್ಒ (ಹೆಪ್ಪುಗಟ್ಟುವಾಗ ಕಣ ಒಡೆಯದಂತೆ ಕಾಯುವ ದ್ರವ) ಇರುವ ಸೀರಂನಲ್ಲಿ ಹಾಕಿ, ತಡ ಮಾಡದೆ, ನಿಮಿಷಕ್ಕೆ 1 ಡಿಗ್ರಿ ತಣಿಯುವ ಡಬ್ಬಿಯಲ್ಲಿ ಮೈನಸ್ 80ಕ್ಕೆ ಇಡಿ. ಮರುದಿನವೇ ದ್ರವ ಸಾರಜನಕಕ್ಕೆ ದಾಟಿಸಿ. ಜುಲೈಯ ಗಾಳಿಮಳೆಗೆ ಕರೆಂಟು ಹೋದರೆ ಫ್ರೀಜರನ್ನು ನಂಬಲಾಗುವುದಿಲ್ಲ. ಟ್ಯೂಬಿನ ಮೇಲೆ ಮಗುವಿನ ಹೆಸರು ಬೇಡ, ಸಂಖ್ಯೆ ಮತ್ತು ತಾರೀಕು ಮಾತ್ರ.