ಕಿರುಪ್ರಬಂಧ ಬರೆಯುವವರಿಗೆ: ಅನುಕರಣೆ, ನೆರವು, ಸ್ವಂತಿಕೆ

ಕನ್ನಡ ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧವನ್ನು ಈಚೆಗೆ ಒಪ್ಪಿಸಿದ ವಿದ್ಯಾರ್ಥಿನಿ ನಾನು. ಮೊದಲ ಕರಡಿನಲ್ಲಿ ನನ್ನಿಂದಾದ ದೊಡ್ಡ ತಪ್ಪು ಕದಿಯುವ ಉದ್ದೇಶದಿಂದ ಆದದ್ದಲ್ಲ. ಟಿಪ್ಪಣಿ ಮಾಡಿಕೊಳ್ಳುವಾಗ ಯಾವ ಸಾಲು ಗ್ರಂಥಕರ್ತರದು, ಯಾವುದು ನನ್ನದು ಎಂದು ಗುರುತು ಹಾಕಿರಲಿಲ್ಲವಾದ್ದರಿಂದ, ಎರಡು ತಿಂಗಳ ಮೇಲೆ ನನಗೇ ಅದು ತಿಳಿಯದಾಯಿತು. ಆದ್ದರಿಂದ ಮೊದಲು ಟಿಪ್ಪಣಿ ಪುಸ್ತಕವನ್ನು ಸರಿಮಾಡಿಕೊಳ್ಳಿ. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಆಕರದ ಮಾತನ್ನು ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆಯೊಡನೆ ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. ಬಲಕ್ಕೆ ಅದನ್ನು ಓದಿದಾಗ ಹೊಳೆದ ಪ್ರಶ್ನೆ, ಒಪ್ಪಿಗೆ, ತಕರಾರು ಮಾತ್ರ ಇರಲಿ. ಪ್ರಬಂಧ ಬೆಳೆಯುವುದು ಬಲಗಡೆಯ ಬರಹದಿಂದ.

ಪದ ಬದಲಿಸಿದರೆ ವಾಕ್ಯ ನಮ್ಮದಾಗುತ್ತದೆ ಎಂಬ ನಂಬಿಕೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಆಕರದಲ್ಲಿ ‘ಬೀಸುವ ಪದಗಳು ಹೆಣ್ಣಿನ ಏಕಾಂತದ ಅಭಿವ್ಯಕ್ತಿ’ ಎಂಬ ಮಾತಿದೆ ಎಂದಿಟ್ಟುಕೊಳ್ಳಿ. ಅದನ್ನು ‘ಬೀಸುಕಲ್ಲಿನ ಹಾಡುಗಳು ಮಹಿಳೆಯ ಒಂಟಿತನದ ಪ್ರಕಟಣೆ’ ಎಂದು ತಿರುಗಿಸಿದರೆ ಕೃತಿಚೌರ್ಯ ತಪ್ಪುವುದಿಲ್ಲ, ಅರ್ಥವೂ ಕೆಡುತ್ತದೆ. ಏಕಾಂತ ಬೇರೆ, ಒಂಟಿತನ ಬೇರೆ. ಅದರ ಬದಲು ಪುಸ್ತಕ ಮುಚ್ಚಿಟ್ಟು, ಆ ಮಾತು ನಿಮಗೆ ಗೊತ್ತಿರುವ ಸಂಗತಿಗೆ ಹೊಂದುತ್ತದೆಯೇ ಎಂದು ನೋಡಿ. ನಮ್ಮ ಅಜ್ಜಿಯನ್ನು ವಿಚಾರಿಸಿದಾಗ, ರಾಗಿ ಬೀಸುವಾಗ ಎದುರಿಗೆ ಅವರ ಓರಗಿತ್ತಿ ಕೂತಿರುತ್ತಿದ್ದರೆಂದೂ, ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ, ಒಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನೊಬ್ಬರು ಮುಂದುವರಿಸುತ್ತಿದ್ದರೆಂದೂ ಹೇಳಿದರು. ಹಾಗಾದರೆ ಆ ಹಾಡು ಏಕಾಂತವೋ, ಇಬ್ಬರ ಮಾತುಕತೆಯೋ? ಆಕರದ ಮಾತನ್ನು ಹೆಸರು ಹೇಳಿ ಉದ್ಧರಿಸಿ, ಅದರ ಪಕ್ಕದಲ್ಲಿ ಈ ಪ್ರಶ್ನೆಯನ್ನು ಇಡುವುದನ್ನೇ ನಾನು ಸ್ವಂತಿಕೆ ಎಂದು ತಿಳಿದಿದ್ದೇನೆ.

ಹಾಗೆಂದು ಅನುಕರಣೆಯನ್ನು ಬಿಡಬೇಕಾಗಿಲ್ಲ. ಕ್ರಿ.ಶ. 941ರಲ್ಲಿ ಮಹಾಭಾರತದ ಕಥೆಯನ್ನು ಕನ್ನಡಕ್ಕೆ ತಂದ ಪಂಪ, ವ್ಯಾಸರ ಮಾತಿನ ಕಡಲಲ್ಲಿ ತಾನು ಈಜುತ್ತಿರುವುದಾಗಿ ಕಾವ್ಯದ ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ; ಆ ಕಥೆಯಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದುಮಾಡಿದ್ದು ಮಾತ್ರ ಅವನದೇ ಕೆಲಸ. ನೀವು ಮೆಚ್ಚಿದ ಗದ್ಯದ ಒಂದು ಪುಟವನ್ನು ಕೈಯಾರೆ ನಕಲು ಮಾಡಿ, ವಾಕ್ಯಗಳು ಎಲ್ಲಿ ಉದ್ದವಾಗುತ್ತವೆ, ಎಲ್ಲಿ ತುಂಡಾಗುತ್ತವೆ ಎಂದು ಗಮನಿಸಿ, ಅದೇ ನಡೆಯಲ್ಲಿ ನಿಮ್ಮ ವಿಷಯದ ಬಗ್ಗೆ ಬರೆದು ನೋಡಿ. ಇದು ಕೈ ಪಳಗಿಸುವ ಅಭ್ಯಾಸ. ಒಪ್ಪಿಸುವ ಪ್ರತಿಯಲ್ಲಿ ಇದಕ್ಕೆ ಜಾಗವಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿಯ ಪ್ರಕಾರ, ಬೇರೆ ಬರಹಗಳೊಂದಿಗೆ ಪ್ರಬಂಧಕ್ಕಿರುವ, ತಂತ್ರಾಂಶದಿಂದ ಅಳೆಯುವ ಹೋಲಿಕೆಯ ಪ್ರಮಾಣ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ಅಂಕಿಯನ್ನೇ ನೆಚ್ಚಿಕೊಳ್ಳಬೇಡಿ. ಇಂಗ್ಲಿಷ್ ಲೇಖನದ ಪ್ಯಾರಾವನ್ನು ಕನ್ನಡಕ್ಕೆ ಅನುವಾದಿಸಿ ಹೆಸರಿಲ್ಲದೆ ಸೇರಿಸಿದರೆ ತಂತ್ರಾಂಶದ ಕಣ್ಣಿಗೆ ಬೀಳದೆ ಹೋಗಬಹುದು, ಆದರೂ ಅದು ಕಳವೇ. ಅನುವಾದ ನಿಮ್ಮದಾಗಿದ್ದರೆ ‘ಅನುವಾದ ನನ್ನದು’ ಎಂದು ಸೇರಿಸಿ, ಮೂಲ ಲೇಖಕರ ಹೆಸರನ್ನೂ ಪುಟಸಂಖ್ಯೆಯನ್ನೂ ಕೊಡಿ.

ನೆರವಿನ ವಿಷಯದಲ್ಲಿ ನಾನು ಇಟ್ಟುಕೊಂಡ ಅಳತೆ ಒಂದೇ: ನೆರವು ಪಡೆದ ಮೇಲೆ ಆ ವಾಕ್ಯವನ್ನು ಏಕೆ ಹಾಗೆ ಬರೆದೆನೆಂದು ಕಾಗದ ನೋಡದೆ ವಿವರಿಸಲು ನನಗೆ ಸಾಧ್ಯವಾಗಬೇಕು. ಮಾರ್ಗದರ್ಶಕರು ‘ಈ ಅಧ್ಯಾಯ ಇಲ್ಲಿ ನಿಲ್ಲುವುದಿಲ್ಲ’ ಎಂದರೆ ಅದು ನೆರವು. ಹಿರಿಯ ವಿದ್ಯಾರ್ಥಿಯೊಬ್ಬರು ಆ ಅಧ್ಯಾಯವನ್ನೇ ಬರೆದುಕೊಟ್ಟರೆ ಅಲ್ಲ. ಎಐ ಚಾಟ್‌ಬಾಟ್‌ಗೂ ಇದೇ ಮಾತು ಸಲ್ಲುತ್ತದೆ. ಬಳಸುವ ಮೊದಲು ವಿಭಾಗದ ಅನುಮತಿ ಕೇಳಿ, ಬಳಸಿದ್ದನ್ನು ಬರೆದು ತಿಳಿಸಿ, ಅದು ಕೊಟ್ಟ ಪುಸ್ತಕದ ಹೆಸರು ಮತ್ತು ಇಸವಿಗಳನ್ನು ಗ್ರಂಥಾಲಯದಲ್ಲಿ ಪರಿಶೀಲಿಸಿ. ಇಲ್ಲದ ಪುಸ್ತಕವನ್ನು ಇದೆಯೆಂದು ಹೇಳುವುದು ಅದಕ್ಕೆ ಕಷ್ಟವಲ್ಲ.

ಕಾಗುಣಿತ ತಿದ್ದಿದವರು, ಹಾಡು ಹೇಳಿಕೊಟ್ಟವರು, ಹಸ್ತಪ್ರತಿ ತೋರಿಸಿದವರು, ಎಲ್ಲರನ್ನೂ ಅವರವರು ಮಾಡಿದ ಕೆಲಸದೊಂದಿಗೆ ಕೃತಜ್ಞತೆಯ ಪುಟದಲ್ಲಿ ನೆನೆಯಿರಿ. ಹಾಡು ಹೇಳಿದವರ ಹೆಸರನ್ನು ಅಚ್ಚುಮಾಡುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಕರಡುಗಳನ್ನೂ ಗೆರೆ ಎಳೆದ ಟಿಪ್ಪಣಿ ಪುಸ್ತಕವನ್ನೂ ಮೌಖಿಕ ಪರೀಕ್ಷೆ ಮುಗಿಯುವವರೆಗೆ ಎಸೆಯಬೇಡಿ. ‘ಈ ಮಾತು ಎಲ್ಲಿಂದ ಬಂತು?’ ಎಂದು ಪರೀಕ್ಷಕರು ಕೇಳಿದಾಗ ತೆರೆದು ತೋರಿಸಲು ಅವು ಬೇಕಾಗುತ್ತವೆ.