ಮೂರು ಕಾಲಂ ಹಾಕಿದ ಮೇಲೆ ಮೈಯರ್ ಬಾಯಿಬಿಟ್ಟ

"ಅದು ಪಾದ್ರಿ ಬರೆದ ಪುಣ್ಯಕಥೆ ಕಣ್ರೀ, ಅದರಲ್ಲಿ ಇತಿಹಾಸ ಎಲ್ಲಿಂದ ಸಿಗುತ್ತೆ?" ಯೊಹಾನೆಸ್ ಮೈಯರ್ ಅನ್ನೋ ಹಳೆ ಕಾಲದ ಪಾದ್ರಿಯ ಪುಸ್ತಕದ ವಿಚಾರಕ್ಕೆ ನಾಲ್ಕು ವರ್ಷದ ಹಿಂದೆ ಒಂದು ಸೆಮಿನಾರಿನಲ್ಲಿ ಹೀಗೆ ಅನ್ನಿಸಿಕೊಂಡು ಬಂದವನು ನಾನು. ಹಾಗೆ ಅಂದವರೇ ಮೊನ್ನೆ ಆ ಪುಸ್ತಕದಿಂದ ನಾನು ಮಾಡಿಕೊಂಡ ಪಟ್ಟಿಯ ಶೀಟ್ ಕೇಳಿದರು. ಕೊಡೋಣ. ಅದಕ್ಕೂ ಮುಂಚೆ ಕಥೆ ಹೇಳಿಬಿಡುತ್ತೇನೆ.

ಮೊದಲು ಪುಸ್ತಕ. ಕ್ಯಾಥೊಲಿಕ್ ಸನ್ಯಾಸಿಗಳ ಡೊಮಿನಿಕನ್ ಸಂಘದ ಮೈಯರ್ 1468ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದು ಮುಗಿಸಿದ ಸುಧಾರಣೆಯ ಪುಸ್ತಕ, ಅಂದರೆ ಸಡಿಲಾಗಿದ್ದ ಮಠಗಳು ಮತ್ತೆ ಕಟ್ಟುನಿಟ್ಟಿನ ನೇಮ ಹಿಡಿದ ಕಥೆ. ನಾನು ಇಟ್ಟುಕೊಂಡದ್ದು 1908-09ರಲ್ಲಿ ರೈಖರ್ಟ್ ಅಚ್ಚು ಹಾಕಿಸಿದ ಎರಡು ಭಾಗಗಳ ಸ್ಕ್ಯಾನ್. ಪ್ರಿಂಟ್, ಸ್ಪೈರಲ್ ಬೈಂಡಿಂಗ್ ಸೇರಿ 800 ರೂಪಾಯಿ ಚಿಲ್ಲರೆ. ಇಡೀ ಕೆಲಸದಲ್ಲಿ ದಂಡವಾಗದ ದುಡ್ಡು ಇದೊಂದೇ.

ಜರ್ಮನ್ ಕ್ಲಾಸಿಗೆ 22,000 ಹತ್ತಿರ ಸುರಿದೆ. ಅಲ್ಲಿ ರೈಲ್ವೆ ಟಿಕೆಟ್ ಕೇಳೋದು ಹೇಗೆ ಅಂತ ಕಲಿಸಿದರು. ಮೈಯರ್ ಬರೆಯುವುದು 15ನೇ ಶತಮಾನದ ಅಲೆಮಾನಿಕ್, ಜರ್ಮನ್‌ನ ಒಂದು ಪ್ರಾದೇಶಿಕ ರೂಪ. ಒಂದೇ ಪದಕ್ಕೆ ಪುಟಕ್ಕೊಂದು ಸ್ಪೆಲಿಂಗ್. ಕೊನೆಗೆ ಕೈ ಹಿಡಿದದ್ದು ಪುಕ್ಕಟೆ ಸಿಗುವ, ಹಳೆ ಜರ್ಮನ್‌ನ ಲೆಕ್ಸರ್ ನಿಘಂಟು, ಮತ್ತೆ ಗಟ್ಟಿಯಾಗಿ ಓದುವ ಅಭ್ಯಾಸ. ಕಣ್ಣಿಗೆ ಗುರುತು ಸಿಗದ ಪದ ಕಿವಿಗೆ ಸಿಗುತ್ತೆ. ನಡುವೆ ಒಂದು ಲೈಬ್ರರಿಗೆ 90 ಯೂರೋನೋ ಏನೋ ಕಟ್ಟಿ ಹಸ್ತಪ್ರತಿಯ ಫೋಟೋ ತರಿಸಿದೆ. ಬಂದದ್ದು ಬೇರೆ ಹಾಳೆಗಳು. ದುಡ್ಡು ವಾಪಸ್ ಬರಲಿಲ್ಲ.

ಮೊದಲ ಎಂಟು ತಿಂಗಳು ಪೂರ್ತಿ ದಾರಿ ತಪ್ಪಿದ್ದೆ. ಇಸವಿ ಪ್ರಕಾರ ಪಟ್ಟಿ ಮಾಡಿದೆ. 1389ರಲ್ಲಿ ಪ್ರಶ್ಯಾದ ಕೊನ್ರಾಡ್ ಅನ್ನೋ ಸನ್ಯಾಸಿ ಈ ಸುಧಾರಣೆಯನ್ನು ಕೊಲ್ಮಾರ್‌ನಲ್ಲಿ ಶುರು ಮಾಡಿದ್ದು. ಮರುವರ್ಷ ಸಂಘದ ಮುಖ್ಯಸ್ಥ ಕಾಪುವಾದ ರೈಮಂಡ್, ಪ್ರತಿ ಪ್ರಾಂತ್ಯದಲ್ಲೂ ಕನಿಷ್ಠ 12 ಜನರ ಒಂದು ನೇಮದ ಮಠ ಇರಬೇಕು ಅಂತ ಹುಕುಂ ಹೊರಡಿಸಿದ್ದು. 1396ರಲ್ಲಿ ನ್ಯೂರೆಂಬರ್ಗ್‌ನ ಗಂಡಸರ ಮಠ. 1397ರಲ್ಲಿ ಸಿಸ್ಟರ್‌ಗಳ ಕಾನ್ವೆಂಟ್ ಶೋನೆನ್‌ಸ್ಟೈನ್‌ಬಾಕ್. ಪಟ್ಟಿ ಅಂದವಾಗಿತ್ತು, ಆದರೆ ಯಾವ ಕೈಪಿಡಿಯಲ್ಲಾದರೂ ಸಿಗುವಂಥದ್ದು. ಜೊತೆಗೆ ಮೈಯರ್ ನನ್ನ ಸಾಲಿಗೆ ಬಗ್ಗುತ್ತಿರಲಿಲ್ಲ. ಅವನು ಶುರು ಮಾಡುವುದು ಗಂಡಸರ ಕೊಲ್ಮಾರ್‌ನಿಂದ ಅಲ್ಲ, ಸಿಸ್ಟರ್‌ಗಳ ಶೋನೆನ್‌ಸ್ಟೈನ್‌ಬಾಕ್‌ನಿಂದ. ಅವನಿಗೇ ಗೊತ್ತಿಲ್ಲ ಅಂದುಕೊಂಡು ನಾನು ಅವನ ಕ್ರಮವನ್ನು "ತಿದ್ದಿದೆ". ದಡ್ಡತನ.

ತಿರುವು ಸಿಕ್ಕಿದ್ದು ಊಟದ ಹೊತ್ತಿನಲ್ಲಿ. ಕಾನ್ವೆಂಟ್‌ಗಳಲ್ಲಿ ಊಟ ಮಾಡುವಾಗ ಒಬ್ಬರು ಓದುವುದು, ಮಿಕ್ಕವರು ಕೇಳುವುದು ರೂಢಿ. ಸುಮ್ನೆ ನೋಡೋಣ ಅಂತ ಒಂದು ಅಧ್ಯಾಯ ಕನ್ನಡಕ್ಕೆ ತಂದು ಅಮ್ಮನಿಗೆ ಓದಿದೆ. ಅಧ್ಯಾಯ ಮುಗಿಯುವಾಗ ಸಾರನ್ನ ಮುಗಿದಿತ್ತು, ಮಜ್ಜಿಗೆ ಬಾಕಿ. ಅಮ್ಮ ಕೇಳಿದಳು, "ಇವನು ಹುಟ್ಟಿದ್ದು ಯಾವಾಗಪ್ಪಾ? ಇಷ್ಟೆಲ್ಲ ಇವನಿಗೆ ಹೇಳಿದವರು ಯಾರು?"

ಮೈಯರ್ ಹುಟ್ಟಿದ್ದು 1422ರ ಆಸುಪಾಸು. 1397ರ ಕಥೆ ಅವನು ಕಂಡದ್ದಲ್ಲ, ಅವನ ತನಕ ದಾಟಿ ಬಂದದ್ದು. ಅವತ್ತು ರಾತ್ರಿಯೇ ಹಳೆ ಪಟ್ಟಿ ಅಳಿಸಿ ಮೂರು ಕಾಲಂ ಹಾಕಿದೆ. ನಡೆದದ್ದು ಯಾವಾಗ, ಹೇಳಿದವರು ಯಾರು, ಕೇಳಬೇಕಾದವರು ಯಾರು. ಸುಮಾರು 340 ಕಾರ್ಡ್ ಆಯ್ತು.

ಮೂರನೇ ಕಾಲಂ ತುಂಬುತ್ತಾ ಬಂದ ಹಾಗೆ ಎಲ್ಲ ಬಿಡಿಸಿಕೊಂಡಿತು. 1465ರಲ್ಲಿ ಫ್ರೈಬುರ್ಗ್‌ನ ಮೂರು ಕಾನ್ವೆಂಟ್‌ಗಳ ಸುಧಾರಣೆಯಲ್ಲಿ ಮೈಯರ್ ತಾನೇ ಓಡಾಡಿದ್ದ. ಮೂರು ವರ್ಷಕ್ಕೆ ಪುಸ್ತಕ ರೆಡಿ. ಹೊಸದಾಗಿ ನೇಮ ಹಿಡಿದವರಿಗೆ "ನೀವು ಇಂಥವರ ಮೊಮ್ಮಕ್ಕಳು" ಅಂತ ಹೇಳಬೇಕಿತ್ತು. ಅದಕ್ಕೇ ಶೋನೆನ್‌ಸ್ಟೈನ್‌ಬಾಕ್ ಮೊದಲು. ಅಲ್ಲಿಂದ ಸಿಸ್ಟರ್‌ಗಳು 1419ರಲ್ಲಿ ಕೊಲ್ಮಾರ್‌ನ ಉಂಟರ್‌ಲಿಂಡೆನ್ ಕಾನ್ವೆಂಟ್‌ಗೆ ಹೋದರು, 1428ರಲ್ಲಿ 10 ಜನ ನ್ಯೂರೆಂಬರ್ಗ್‌ನ ಸಿಸ್ಟರ್‌ಗಳ ಕಾನ್ವೆಂಟ್‌ಗೆ. ಹೆಪ್ಪು ಹಾಕಿದ ಹಾಗೆ, ಒಂದು ಚಮಚ ಮೊಸರು, ಪಾತ್ರೆ ಪೂರ್ತಿ ಗಟ್ಟಿ. ಮೈಯರ್ ಬರೆದದ್ದು ಆ ಹೆಪ್ಪಿನ ವಂಶಾವಳಿ. ಇಸವಿ ಹಿಡಿದು ಓದಿದರೆ ಇದು ಕಾಣೋದೇ ಇಲ್ಲ.

ಎಲ್ಲ ಕಡೆಯೂ ಹೆಪ್ಪು ಕೂರಲಿಲ್ಲ ಅನ್ನಿ. ಬಾಸೆಲ್‌ನ ಕ್ಲಿಂಗೆಂಟಾಲ್ ಕಾನ್ವೆಂಟ್‌ಗೆ 1480ರಲ್ಲಿ ಗೆಬ್‌ವಿಲರ್ ಕಡೆಯ ಸಿಸ್ಟರ್‌ಗಳನ್ನು ತಂದರು. ಹಳಬರು ಹೊರಟುಹೋದರು. ಎರಡು-ಮೂರು ವರ್ಷದಲ್ಲಿ ಅವರೇ ವಾಪಸ್ ಬಂದರು, ಹೊಸಬರು ಜಾಗ ಬಿಡಬೇಕಾಯ್ತು. ಹಾಲು ಒಡೆದದ್ದು ಹೀಗೆ. ಪುಸ್ತಕ ಮುಗಿದು 12 ವರ್ಷವಾಗಿತ್ತು, ಇಲ್ಲದಿದ್ದರೆ ಮೈಯರ್ ಇದನ್ನು ಯಾವ ಕಾಲಂಗೆ ಬೀಳಿಸುತ್ತಿದ್ದ ಅಂತ ನೋಡುವ ಆಸೆ ನನಗೆ.

ಪಕ್ಕದಲ್ಲಿ ಇನ್ನೊಂದು ಆಟ ಆಡಿದೆ. 14ನೇ ಶತಮಾನದ ಸಿಸ್ಟರ್‌ಗಳ ಜೀವನಕಥೆಗಳಿವೆಯಲ್ಲ, ಟೋಸ್ ಕಾನ್ವೆಂಟ್‌ನದು. ಅದನ್ನೂ ಮೈಯರ್ ತಿದ್ದಿ, ಅಲ್ಲಿನ ಸಿಸ್ಟರ್ ಎಲ್ಸ್‌ಬೆತ್ ಸ್ಟಾಗೆಲ್ ಬಗ್ಗೆ ಮುನ್ನುಡಿ ಸೇರಿಸಿದ್ದಾನೆ. ಸುಧಾರಣೆಗಿಂತ ಹಿಂದಿನವರನ್ನೂ ತನ್ನ ಮನೆತನಕ್ಕೆ ಸೇರಿಸಿಕೊಂಡ ಹಾಗಾಯ್ತು. ಅವನ ಕೈ ಆಡಿರುವ ಜಾಗ ಹಿಡಿಯಲು ನನಗೆ ಒಂದು ಚಿಕ್ಕ ಪದ ಗುರುತು ಸಿಕ್ಕಿದೆ. ಯಾವುದು ಅಂತ ಪೇಪರ್ ಅಚ್ಚಾಗುವ ತನಕ ಕೇಳಬೇಡಿ.

ಈಗ ಮೈಯರ್‌ನದೇ 1466ರ ಲ್ಯಾಟಿನ್ ಪುಸ್ತಕ ಹಿಡಿದಿದ್ದೇನೆ, ಸಂಘದ ದೊಡ್ಡ ಗಂಡಸರ ಬಗ್ಗೆ ಬರೆದದ್ದು. ಮೂರನೇ ಕಾಲಂ ಇನ್ನೂ ಖಾಲಿ. ಮೂರು ಊಟ ಓದಿ ಆಯ್ತು. ಅಮ್ಮ ಏನೂ ಕೇಳಲಿಲ್ಲ, ಉಪ್ಪಿನಕಾಯಿ ಕೊಡು ಅಂದಳು ಅಷ್ಟೇ.