ಶನಿವಾರ ಸಂಜೆ ನಾನು ಅಂಗಳಕ್ಕೆ ಕಾಲಿಡಲ್ಲ

ದಸರಾ ರಜೆ ಮುಗಿದ ಮೊದಲ ದಿನ ವಾರ್ಡನ್ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ತಲೆ ಎಣಿಸುತ್ತಾ ಕೂರೋದು. ಕೊಪ್ಪಳ ಕಡೆಯ ಈ ಕಸ್ತೂರಬಾ ಶಾಲೆಗೆ, ಅಂದರೆ ಹುಡುಗಿಯರ ಸರ್ಕಾರಿ ವಸತಿ ಶಾಲೆಗೆ, ನಾನು ವಾರ್ಡನ್ ಆಗಿ ಬಂದ ವರ್ಷ 100 ಹುಡುಗಿಯರಲ್ಲಿ 18 ಜನವೋ 19 ಜನವೋ ವಾರ ಕಳೆದರೂ ಬರಲಿಲ್ಲ. ಹೋದ ವರ್ಷ ಬಾರದವರು 4. ಅದರಲ್ಲಿ ಒಬ್ಬಳಿಗೆ ನಿಜವಾಗಿಯೂ ಜ್ವರ ಇತ್ತು. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

2004ರಲ್ಲಿ ಈ ಶಾಲೆಗಳು ಶುರುವಾದಾಗಿನಿಂದ ನಮ್ಮಲ್ಲಿಗೆ ಬರುವವರಲ್ಲಿ ಒಂದು ಸಲ ಶಾಲೆ ಬಿಟ್ಟು ಬಂದವರೇ ಜಾಸ್ತಿ. ಒಂದು ಸಲ ಬಿಟ್ಟವಳಿಗೆ ಇನ್ನೊಂದು ಸಲ ಬಿಡೋದು ಕಷ್ಟವೇ ಅಲ್ಲ. ಅದೂ ದಸರಾ ಹೊತ್ತಿಗೆ ಹೊಲದಲ್ಲಿ ಹತ್ತಿ ಬಿಡಿಸೋ ಕೆಲಸ ಬಂದಿರುತ್ತೆ. ಮೊದಲ ವರ್ಷ ನಾನು ಊರೂರಿಗೆ ಬಸ್ಸಲ್ಲಿ ಹೋಗಿ ಕರೆದೆ. ಬಸ್ಸು, ಆಟೋ ಅಂತ ಸಾವಿರದ ಮೇಲೆ ಕೈಯಿಂದಲೇ ಹೋಯಿತು. ಬಂದವರು 7 ಜನ. ಅವರಲ್ಲಿ ಇಬ್ಬರು ದೀಪಾವಳಿಗೆ ಹೋದವರು ಮತ್ತೆ ಪತ್ತೆ ಇಲ್ಲ.

ಹುಡುಗಿಯರಿಗೆ ಇಲ್ಲಿ ಬೇಜಾರು, ಅದಕ್ಕೇ ಬರಲ್ಲ ಅಂತ ನನಗೆ ಅನ್ನಿಸಿತು. ಬೇಜಾರು ಕಳೆಯೋಕೆ ನಾನು ಮಾಡಿದ್ದೆಲ್ಲ ಹಳ್ಳ ಹಿಡಿಯಿತು.

ಮೊದಲು ಎರಡು ಕೇರಂ ಬೋರ್ಡ್, ಒಂದಕ್ಕೆ 1,900 ರೂಪಾಯಿ. ಎಂಟನೆಯವರು ಹಿಡಿದುಕೊಂಡರೆ ಬಿಡರು. ಆರನೆಯವರು ಸುತ್ತ ನಿಂತು ನೋಡಬೇಕು. ಮಳೆಗಾಲದಲ್ಲಿ ಒಂದು ಬೋರ್ಡ್ ಸೊಟ್ಟಗಾಯಿತು, ಇನ್ನೊಂದರ ಸ್ಟ್ರೈಕರ್ ಕಳೆದುಹೋಯಿತು. ಆಮೇಲೆ ಪೇಟೆಯಿಂದ ಡಾನ್ಸ್ ಕಲಿಸುವವರನ್ನು ಕರೆಸಿದೆ, ಗಂಟೆಗೆ 400. ಚೆನ್ನಾಗಿ ಕುಣಿಯುವ ಆರೇಳು ಜನ ಇನ್ನೂ ಚೆನ್ನಾಗಿ ಕುಣಿದರು. ಉಳಿದವರು ಗೋಡೆಗೆ ಒರಗಿ ಕೂತರು. ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕಿಗೆ ಹೋದೆವು, ನಿಜ. ಆದರೆ ಬಹುಮಾನ ತಂದ ವರ್ಷವೂ ಬಿಟ್ಟುಹೋದವರ ಲೆಕ್ಕ ಕಡಿಮೆ ಆಗಲಿಲ್ಲ.

ಹುಟ್ಟುಹಬ್ಬದ ಕೇಕಿನ ಕತೆ ನೆನೆದರೆ ಈಗಲೂ ನಗು ಬರುತ್ತೆ. ತಿಂಗಳಿಗೊಂದು ಕೇಕ್, ಆ ತಿಂಗಳಲ್ಲಿ ಹುಟ್ಟಿದವರೆಲ್ಲ ಸೇರಿ ಕತ್ತರಿಸೋದು ಅಂತ ಘೋಷಿಸಿಬಿಟ್ಟೆ. ಆಮೇಲೆ ದಾಖಲಾತಿ ಪುಸ್ತಕ ತೆಗೆದರೆ ಅರ್ಧಕ್ಕರ್ಧ ಹುಡುಗಿಯರ ಹುಟ್ಟಿದ ದಿನ ಜೂನ್ 1! ಶಾಲೆಗೆ ಸೇರಿಸುವಾಗ ಯಾರೋ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಜೂನ್‌ನಲ್ಲಿ ಒಂದು ಕೇಕಿಗೆ 40 ಕೈ, ನವೆಂಬರ್‌ನಲ್ಲಿ ಒಂದು ಕೇಕಿಗೆ ಒಬ್ಬಳೇ. ಅವಳು ನಾಚಿಕೊಂಡು ಕತ್ತರಿಸಲೇ ಇಲ್ಲ.

ದಾರಿ ಸಿಕ್ಕಿದ್ದು ಕರೆಂಟ್ ಹೋದ ಒಂದು ಸಂಜೆ. ಆರನೇ ಕ್ಲಾಸಿನ ಒಬ್ಬ ಹುಡುಗಿ ಬಂದಾಗಿನಿಂದ ರಾತ್ರಿ ಅಳುತ್ತಿದ್ದಳು, ಹಗಲು ಬಾಯಿ ಬಿಡುತ್ತಿರಲಿಲ್ಲ. ಆವತ್ತು ಜಗಲಿ ಮೇಲೆ ಇಟ್ಟಿಗೆ ಚೂರಿನಿಂದ ಚೌಕಾಬಾರದ 25 ಮನೆ ಗೀಚಿ ಕೂತಿದ್ದಳು. ಕವಡೆ ಇಲ್ಲ. ಅಡುಗೆಮನೆಯಿಂದ ಹುಣಸೆ ಬೀಜ ತಂದು ಕಲ್ಲಿಗೆ ಉಜ್ಜುತ್ತಿದ್ದಳು. ಒಂದು ಬದಿ ಬೆಳ್ಳಗಾಗುವವರೆಗೆ ಉಜ್ಜೋದು, ನಾಲಿಗೆಗೆ ತಾಗಿಸಿ ಒರೆಸೋದು, ಮತ್ತೆ ಉಜ್ಜೋದು. ನಾಲ್ಕು ಬೀಜ ಸಿದ್ಧವಾಗೋಕೆ ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಸುತ್ತ ಹತ್ತು ಜನ ಕೂತಿದ್ದರು. ನಾಲ್ಕೂ ಕಪ್ಪಾಗಿ ಬಿದ್ದಾಗ "ಬಾರಾ!" ಅಂತ ಕಿರುಚಿದಳು. ಆ ಗಂಟಲು ಅವಳದ್ದೇ ಅಂತ ನನಗೆ ನಂಬಿಕೆ ಬರಲಿಲ್ಲ. ಎಂಟನೆಯವಳೊಬ್ಬಳು ತಪ್ಪು ನಡೆಸಿದಾಗ, "ಹಂಗಲ್ಲಕ್ಕಾ, ಒಂದರ ಕಾಯಿ ಕಡೀಲಾರದ ಒಳಗ ಹೋಗಂಗಿಲ್ಲ" ಅಂತ ಗದರಿಸಿದಳು. ಎಂಟನೆಯವಳು ಸುಮ್ನೆ ಕಾಯಿ ಹಿಂದಕ್ಕಿಟ್ಟಳು.

ನಾನು ತುಮಕೂರು ಕಡೆಯವಳು, ಅಲ್ಲೂ ಚೌಕಾಬಾರ ಆಡಿದವಳೇ. ಆದರೆ ಆವತ್ತು ನನಗೆ ಕಂಡಿದ್ದು ಆಟವಲ್ಲ. ಇಲ್ಲಿವರೆಗೆ ನಾನು ಹೊರಗಿನಿಂದ ತಂದಿದ್ದನ್ನು ಅವರು ಕಲಿಯಬೇಕಿತ್ತು. ಇದರಲ್ಲಿ ಅವಳೇ ಮೇಷ್ಟ್ರು.

ಹೀಗೆ ಶುರುವಾಯಿತು. ಶನಿವಾರ 5ರಿಂದ 7:30. ಒಂದೊಂದರಲ್ಲಿ ಹನ್ನೆರಡು ಹದಿಮೂರು ಜನರ 8 ಗುಂಪು, ಆರು, ಏಳು, ಎಂಟು ಮೂರೂ ಕ್ಲಾಸು ಬೆರೆಸಿ. ಒಂದೇ ಊರಿನ ಇಬ್ಬರು ಒಂದೇ ಗುಂಪಲ್ಲಿ ಇರಬಾರದು. ಗುಂಪಿಗೊಬ್ಬ ಯಜಮಾನಿ, ವಾರ ವಾರ ಬೇರೆ. ತನ್ನ ಮನೆಯಲ್ಲಿ, ಊರಲ್ಲಿ ಕಂಡಿದ್ದು ಏನಾದರೂ ಅವಳು ನಡೆಸಬೇಕು: ಆಟ, ಹಾಡು, ಗುಳ್ಳವ್ವನ ಮಣ್ಣಿನ ಗೊಂಬೆ, ಕೌದಿ ಹೊಲಿಗೆ, ಏನಾದರೂ ಸರಿ. ಅವಳ ಕೈಗೆ 25 ರೂಪಾಯಿ. ದೊಡ್ಡವರು ಅಂಗಳಕ್ಕೆ ಬರುವಂತಿಲ್ಲ, ನಾನೂ ಸೇರಿ. ನನ್ನ ರೂಮಿನ ಕಿಟಕಿ ತೆಗೆದಿರುತ್ತೆ ಬಿಡಿ, ಅಷ್ಟು ಬುದ್ಧಿ ನನಗೂ ಇದೆ.

"ಹುಡುಗೂರ ಕೈಯಾಗ ರೊಕ್ಕ ಕೊಡ್ತೀರೇನ್ರಿ ಮೇಡಂ? ನಾಳೆ ಏನರ ಆದ್ರ ನನ್ನ ಕೇಳಬ್ಯಾಡ್ರಿ" ಅಂದರು ಹೆಡ್ ಮೇಡಂ. ಒಂದು ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಹಳೇ ವಾರ್ಡನ್ ಒಬ್ಬರು ನಕ್ಕೇಬಿಟ್ಟರು. "ಕುಂಟಾಬಿಲ್ಲೆ ಆಡ್ಸೋಕೆ ಸರ್ಕಾರ ನಮ್ಗೆ ಸಂಬಳ ಕೊಡುತ್ತಾ?"

ಮೊದಲ ಒಂದೂವರೆ ತಿಂಗಳು ಅವರು ನಕ್ಕಿದ್ದೇ ಸರಿ ಅನ್ನೋ ಹಾಗಿತ್ತು. ಒಂದು ಗುಂಪು 25ಕ್ಕೂ ಚುರುಮುರಿ ತರಿಸಿ ಹತ್ತು ನಿಮಿಷದಲ್ಲಿ ತಿಂದು ಸುಮ್ಮನೆ ಕೂತಿತು. ಇನ್ನೊಂದರಲ್ಲಿ ಯಜಮಾನಿಯೇ ಅತ್ತುಬಿಟ್ಟಳು. ಅಡುಗೆ ಅಕ್ಕನಿಗೆ ಬೇರೆ ಸಿಟ್ಟು, ಶನಿವಾರ ರಾತ್ರಿ ಯಾರೂ ಹೊಟ್ಟೆ ತುಂಬ ಉಣ್ಣಲ್ಲ ಅಂತ. ಆಮೇಲೆ ಎರಡು ಬದಲಾವಣೆ ಮಾಡಿದೆ. ತಿನ್ನೋಕೆ 15ರ ಮೇಲೆ ಖರ್ಚು ಮಾಡುವಂತಿಲ್ಲ. ಏನು ಮಾಡ್ತೀನಿ ಅಂತ ಬುಧವಾರವೇ ಬಂದು ನನಗೆ ಹೇಳಬೇಕು. ಬುಧವಾರ ಹೇಳುವಾಗಲೇ ಅರ್ಧ ಭಯ ಹೋಗಿರುತ್ತೆ.

ಲೆಕ್ಕ ಅವರೇ ಬರೆಯುತ್ತಾರೆ. ಒಬ್ಬಳ ಚೀಟಿ ಇನ್ನೂ ಇಟ್ಟುಕೊಂಡಿದ್ದೀನಿ: "ಶೇಂಗಾ 10, ಬೆಲ್ಲ 5, ಸೂಜಿ ದಾರ 8. ಉಳಿದಿದ್ದು 2, ವಾರ್ಡನ್ ಮೇಡಂ ಚಿಲ್ಲರೆಗೆ ಇಸ್ಕೊಂಡಾರ, ಕೊಟ್ಟಿಲ್ಲ." ಕೊಟ್ಟೆ.

ವಾರಕ್ಕೆ 200, ವರ್ಷಕ್ಕೆ ಏಳು ಸಾವಿರದ ಆಸುಪಾಸು. ಮೊದಲ ವರ್ಷ ನನ್ನ ಪರ್ಸ್. ಅಕ್ಕಿಯ ಖಾಲಿ ಚೀಲ ಮಾರಿ ಅಂತ ಯಾರೋ ಹೇಳಿಕೊಟ್ಟರು. ಆ ಕಡೆ ಹೋಗಬೇಡಿ, ಆಡಿಟ್ಟಿನವರು ಚೀಲ ಎಣಿಸುತ್ತಾರೆ. ಈಗ ಬೇರೆ ದಾರಿ ಇದೆ. ಅದನ್ನು ಬರೆಯಲ್ಲ, ಎದುರಿಗೆ ಸಿಕ್ಕರೆ ಹೇಳ್ತೀನಿ.

ನಡುವೆ ಇನ್ನೂ ಕೆಲವು ಕಿತಾಪತಿ ಮಾಡಿದೆ. ಪೋಸ್ಟ್ ಕಾರ್ಡ್ 50 ಪೈಸೆ, 100 ಕಾರ್ಡಿಗೆ 50 ರೂಪಾಯಿ. ಎಲ್ಲರಿಂದ ಮನೆಗೆ ಕಾಗದ ಬರೆಸಿದೆ. ಓದಿ ಹೇಳೋಕೆ ಪಕ್ಕದ ಮನೆಯವರೇ ಬೇಕಾದಾಗ ಗುಟ್ಟು ಬರೆಯೋದು ಹೇಗೆ? ಎರಡು ತಿಂಗಳಿಗೆ ನಿಂತಿತು. ಭಾನುವಾರದ ಫೋನ್ ಸರದಿಯೇ ವಾಸಿ. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದೆ. ಮೊದಲ ನೈಲಾನ್ ಹಗ್ಗ ಕೊಂಬೆಯ ಮೇಲೆ ಜಾರಿ ಒಬ್ಬಳ ಮೊಣಕಾಲು ತರಚಿತು. ಆಮೇಲೆ ಬಾವಿಗೆ ಹಾಕೋ ದಪ್ಪ ನಾರಿನ ಹಗ್ಗವನ್ನು ಎರಡೆಳೆ ಮಾಡಿ, ಕೊಂಬೆಗೆ ಗೋಣಿತಟ್ಟು ಸುತ್ತಿ ಕಟ್ಟಿದೆವು. 350 ಆಗಿರಬೇಕು. ಮಗಳನ್ನು ಹಬ್ಬಕ್ಕೆ ಕರೆಯಲು ಬಂದ ಒಬ್ಬ ತಾಯಿ ಎಳ್ಳುಂಡಿಯ ಗಂಟು ಪಕ್ಕಕ್ಕಿಟ್ಟು ತಾವೇ ನಾಲ್ಕು ಜೀಕು ಜೀಕಿದರು.

ಈಗ ರಜೆಯ ವಿಷಯ. ರಜೆಗೆ ಹೋಗುವ ಹಿಂದಿನ ದಿನ, ರಜೆ ಮುಗಿದ ಮೇಲಿನ ಮೂರು ಶನಿವಾರಗಳ ಯಜಮಾನಿಯರ ಹೆಸರನ್ನು ಗೋಡೆಗೆ ಅಂಟಿಸುತ್ತೇನೆ. 24 ಹೆಸರು. ಎಲ್ಲರ ಎದುರಿಗೇ ಚೀಟಿ ಎತ್ತಿದ್ದು. ಯಾರು ವಾಪಸ್ ಬರೋದು ಅನುಮಾನವೋ ಅವರ ಹೆಸರುಗಳೇ ಅದು ಹೇಗೋ ಬಂದಿರುತ್ತವೆ. ಹೇಗೆ ಅಂತ ಕೇಳಬೇಡಿ, ಇದನ್ನು ನಮ್ಮ ಹುಡುಗಿಯರೂ ಓದಬಹುದು. ಹೋದ ವರ್ಷ ಒಬ್ಬಳ ಅಪ್ಪ ಮಗಳನ್ನು ಗೇಟಿಗೆ ತಂದು ಬಿಟ್ಟು, "ಇನ್ನೂ ಎರಡು ದಿನ ಹತ್ತಿ ಬಿಡಿಸೂದಿತ್ತರೀ. ಶನಿವಾರ ನಂದು ಪಾಳಿ ಐತಿ ಅಂತ ಕುಂತಲ್ಲಿ ಕೂಡವಲ್ಲಳು" ಅಂತ ಗೊಣಗಿದರು.

ಎಲ್ಲರೂ ಹೀಗೆ ಬರಲ್ಲ. ಮದುವೆ ಮಾತು ಎತ್ತಿದ ಮನೆಯ ಮುಂದೆ ಹುಣಸೆ ಬೀಜ ನಡೆಯಲ್ಲ. ಅಲ್ಲಿಗೆ ಈಗಲೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಬಸ್ ಹತ್ತಿ ಹೋಗಬೇಕು. ಹೋದ ವರ್ಷ ಬಾರದ ಆ ನಾಲ್ವರಲ್ಲಿ ಇಬ್ಬರದು ಅದೇ ಕತೆ. ಒಬ್ಬಳು ಡಿಸೆಂಬರ್‌ನಲ್ಲಿ ಬಂದಳು. ಗೋಡೆಯ ಮೇಲೆ ಅವಳ ಹೆಸರಿನ ಶನಿವಾರ ದಾಟಿ ಹೋಗಿತ್ತು. ಅವಳ ಗುಂಪಿನವರು ಆ ವಾರ ಬೇರೆ ಯಜಮಾನಿಯನ್ನು ಮಾಡಿಕೊಂಡಿರಲಿಲ್ಲ. 25 ರೂಪಾಯಿಯನ್ನು ಕಂಪಾಸ್ ಬಾಕ್ಸಿನಲ್ಲಿ ಹಾಗೇ ಇಟ್ಟಿದ್ದರು.